ಅಕ್ಕಯ್ ಪದ್ಮಶಾಲಿ: ಏಡ್ಸ್ ತಡೆ ಕೆಲಸದಿಂದ ಸುಪ್ರೀಂ ಕೋರ್ಟಿನವರೆಗೆ

ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಗುಡ್ಡ ಹತ್ತಿ ಬಂದ ನಮ್ಮ ಭಾಗದ ಯಾರಿಗೂ ಜೋಗತಿಯರ ಪರಿಚಯ ಮಾಡಿಕೊಡಬೇಕಾಗಿಲ್ಲ. ತಲೆಯ ಮೇಲೆ ಅಮ್ಮನ ಕೊಡ, ಕೈಯಲ್ಲಿ ಪಡಲಿಗೆ, ಹಣೆ ತುಂಬ ಭಂಡಾರ. ಅವರಲ್ಲಿ ಗಂಡಾಗಿ ಹುಟ್ಟಿ ಸೀರೆ ಉಟ್ಟವರೂ ಇರುತ್ತಾರೆ. ಅಮ್ಮನೇ ಕರೆಸಿಕೊಂಡಳು ಎಂದು ಹಿರಿಯರು ಹೇಳುತ್ತಾರೆ. ಅವರು ಮನೆ ಮುಂದೆ ಬಂದು ನಿಂತರೆ ಮೊರದಲ್ಲಿ ಜೋಳ ತಂದು ಹಾಕಿ, ಕೈಮುಗಿದು, ಮಕ್ಕಳ ಹಣೆಗೆ ಭಂಡಾರ ಹಚ್ಚಿಸುತ್ತೇವೆ. ಅಂಥವರೇ ಪಡಲಿಗೆ ಇಲ್ಲದೆ ದಾವಣಗೆರೆಯ ಬಸ್ ನಿಲ್ದಾಣದಲ್ಲೋ ಹೆಬ್ಬಾಳು ಟೋಲ್ ಹತ್ತಿರವೋ ಸಿಕ್ಕರೆ ಮುಖ ತಿರುಗಿಸಿಕೊಳ್ಳುತ್ತೇವೆ. ಭಕ್ತಿಯೂ ತಾತ್ಸಾರವೂ ಒಂದೇ ಮನೆಯಲ್ಲಿ ಇರುತ್ತವೆ. ಇವೆರಡನ್ನೂ ಬಿಟ್ಟು ಮೂರನೆಯದೊಂದನ್ನು, ಅಂದರೆ ಕಾನೂನಿನ ಹಕ್ಕನ್ನು, ಕೇಳಿದವರ ಇತಿಹಾಸ ನಮ್ಮ ರಾಜ್ಯದಲ್ಲಿ ತೀರ ಹಳೆಯದಲ್ಲ. ಅದರಲ್ಲಿ ಮುಖ್ಯವಾದ ಒಬ್ಬರ ಬಗ್ಗೆ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಈ ಸಮುದಾಯದಿಂದ ಬಂದವರಲ್ಲಿ ನಮ್ಮ ಊರಿನವರಿಗೆ ಮೊದಲು ನೆನಪಾಗುವುದು ಮಂಜಮ್ಮ ಜೋಗತಿ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು ಮನೆ ಬಿಡಬೇಕಾಗಿ ಬಂತು. ಅವರು ಜೋಗತಿ ನೃತ್ಯವನ್ನು ಮೊದಲು ಕಂಡು ಮನಸೋತದ್ದು ನಮ್ಮ ದಾವಣಗೆರೆಯ ಬಸ್ ನಿಲ್ದಾಣದ ಬಳಿ, ತಂದೆ ಮಗ ಇಬ್ಬರು ಹಾಡು ಹೇಳುತ್ತ ಕೊಡ ಹೊತ್ತು ಕುಣಿಯುವಾಗ. ಮುಂದೆ ಕಾಳವ್ವ ಜೋಗತಿಯವರ ಶಿಷ್ಯೆಯಾಗಿ ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಭವನದಲ್ಲಿ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ಊರೆಲ್ಲ ಟಿವಿಯಲ್ಲಿ ನೋಡಿದೆ. ಮಂಜಮ್ಮನವರು ಗೌರವ ಪಡೆದದ್ದು ಕಲೆಯ ಮೂಲಕ. ಕಲೆಯೂ ಇಲ್ಲದ, ದೇವಿಯ ಮುತ್ತೂ ಇಲ್ಲದ ಒಬ್ಬರಿಗೆ ಗೌರವ ಸಿಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಬೆಂಗಳೂರಿನ ಅಕ್ಕಯ್ ಪದ್ಮಶಾಲಿ.

ಅಕ್ಕಯ್ ಹುಟ್ಟಿದ್ದು 1980ರ ದಶಕದ ಬೆಂಗಳೂರಿನಲ್ಲಿ, ಕನ್ನಡ ಮಾತನಾಡುವ ಒಂದು ಸಾಮಾನ್ಯ ಕುಟುಂಬದಲ್ಲಿ. ಮನೆಯವರು ಇಟ್ಟ ಹೆಸರು ಜಗದೀಶ್. ಏಳೆಂಟು ವರ್ಷಕ್ಕೇ ತಾನು ಹುಡುಗನಲ್ಲ, ಹುಡುಗಿ ಎಂಬ ಅರಿವು ಬಂದಿತ್ತು ಎಂದು ಅವರು ಅನೇಕ ಕಡೆ ಹೇಳಿಕೊಂಡಿದ್ದಾರೆ. ಹೆಣ್ಣುಮಕ್ಕಳ ಬಟ್ಟೆ ಹಾಕಿಕೊಂಡದ್ದಕ್ಕೆ ಮನೆಯಲ್ಲಿ ಏಟು ಬಿದ್ದವು, ಶಾಲೆಯಲ್ಲಿ ಗೇಲಿ ನಡೆಯಿತು. ಜೀವ ಕಳೆದುಕೊಳ್ಳಲು ಯತ್ನಿಸಿದ್ದೂ ಉಂಟು. ಕೊನೆಗೆ ಅವರು ಮನಸ್ಸು ಬಿಚ್ಚಿ ಮಾತನಾಡಿದ್ದು ಒಡಹುಟ್ಟಿದ ಸಹೋದರನ ಬಳಿ. ಆತನೇ ಅಪ್ಪ ಅಮ್ಮನಿಗೆ ತಿಳಿಸಿ ಹೇಳಿದ.

ಅಷ್ಟು ಹೊತ್ತಿಗೆ ಓದು ನಿಂತಿತ್ತು. ಹತ್ತನೇ ತರಗತಿಗೇ ಅವರ ಶಾಲೆ ಮುಗಿಯಿತು. ಹೈಸ್ಕೂಲಿನ ಸುವರ್ಣ ಮಹೋತ್ಸವದ ಈ ಪುಸ್ತಕ ಓದುವವರು ಈ ಒಂದು ಸಂಗತಿಯ ಮುಂದೆ ಸ್ವಲ್ಪ ನಿಲ್ಲಬೇಕು. ಫೇಲಾಗಿ ಶಾಲೆ ಬಿಟ್ಟವರನ್ನು, ಕೂಲಿಗೆ ಹೋಗಬೇಕಾಗಿ ಬಿಟ್ಟವರನ್ನು, ಮದುವೆ ಮಾಡಿದರೆಂದು ಬಿಟ್ಟವರನ್ನು ನಾವೆಲ್ಲ ಬಲ್ಲೆವು. ನಡಿಗೆ, ದನಿ, ಕೈ ಆಡಿಸುವ ರೀತಿ ಇಷ್ಟಕ್ಕೇ ದಿನವೂ ನಗೆಪಾಟಲಾಗಿ ಶಾಲೆ ಬಿಟ್ಟವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ವರ್ಗಾವಣೆ ಪತ್ರದಲ್ಲಿ ಅಂಥ ಕಾರಣ ಬರೆಯಲು ಜಾಗವೇ ಇಲ್ಲ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣು ಅಲ್ಲದೆ ‘ಇತರೆ’ ಎಂಬ ಗುರುತಿಗೂ ಅವಕಾಶ ಸಿಕ್ಕಾಗ ದೇಶದಲ್ಲಿ 4,87,803 ಜನ ಆ ಲೆಕ್ಕದಲ್ಲಿ ಬಂದರು, ಕರ್ನಾಟಕದಲ್ಲಿ 20,266. ಅವರಲ್ಲಿ ಅಕ್ಷರ ಬಲ್ಲವರು ದೇಶಮಟ್ಟದಲ್ಲಿ ಶೇ. 56ರಷ್ಟು. ಒಟ್ಟು ಜನಸಂಖ್ಯೆಯಲ್ಲಿ ಆ ಪ್ರಮಾಣ ಶೇ. 74 ಇತ್ತು. ಈ ಅಂತರದ ಹೆಚ್ಚಿನ ಪಾಲು ತರಗತಿಯ ಒಳಗೇ ಹುಟ್ಟಿದ್ದು ಎಂದು ನಾನು ತಿಳಿದಿದ್ದೇನೆ.

ಓದಿಲ್ಲ, ಮನೆಯ ಆಸರೆ ಗಟ್ಟಿಯಿಲ್ಲ, ಕೆಲಸ ಕೊಡುವವರಿಲ್ಲ. ಅಕ್ಕಯ್ ಸುಮಾರು ನಾಲ್ಕು ವರ್ಷ ಬೆಂಗಳೂರಿನ ಬೀದಿಗಳಲ್ಲಿ ಲೈಂಗಿಕ ವೃತ್ತಿ ಮಾಡಿ ಹೊಟ್ಟೆ ಹೊರೆದರು. ಇದನ್ನು ಅವರು ಯಾವತ್ತೂ ಮುಚ್ಚಿಟ್ಟಿಲ್ಲ. ತಮ್ಮ ಸಮುದಾಯಕ್ಕೆ ಭಿಕ್ಷೆ ಮತ್ತು ಈ ವೃತ್ತಿ ಎರಡನ್ನೇ ಸಮಾಜ ಬಿಟ್ಟುಕೊಟ್ಟಿದೆ ಎಂಬುದು ಅವರ ಭಾಷಣಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಆ ದಿನಗಳಲ್ಲಿ ಪೊಲೀಸರ ಹೊಡೆತ, ರೌಡಿಗಳ ಕಾಟ ಎರಡೂ ಇದ್ದವು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಕರ್ನಾಟಕ ಘಟಕ 2003ರಲ್ಲಿ ಪ್ರಕಟಿಸಿದ ವರದಿ ಬೆಂಗಳೂರಿನ ಹಿಜ್ರಾ ಮತ್ತು ಕೋತಿ ಸಮುದಾಯಗಳ ಮೇಲಿನ ಹಿಂಸೆಯನ್ನು ವಿವರವಾಗಿ ದಾಖಲಿಸಿದೆ. ಮರುವರ್ಷ ಜೂನ್ ತಿಂಗಳಲ್ಲಿ ಗುಂಪು ಅತ್ಯಾಚಾರಕ್ಕೆ ಒಳಗಾದ ಹಿಜ್ರಾ ಒಬ್ಬರು ನ್ಯಾಯ ಕೇಳಬೇಕಾದ ಠಾಣೆಯಲ್ಲೇ ಮತ್ತೆ ಹಿಂಸೆ ಅನುಭವಿಸಿದ ಪ್ರಕರಣ ಹೊರಬಂದು ದೊಡ್ಡ ಪ್ರತಿಭಟನೆ ನಡೆಯಿತು.

ಅದೇ 2004ರಲ್ಲಿ ಅಕ್ಕಯ್ ‘ಸಂಗಮ’ ಸಂಸ್ಥೆಯನ್ನು ಸೇರಿದರು. 1999ರಲ್ಲಿ ಮನೋಹರ್ ಎಲವರ್ತಿ ಅವರು ಆರಂಭಿಸಿದ ಈ ಸಂಸ್ಥೆ ಮೊದಲಿಗೆ ಪುಸ್ತಕ, ಪತ್ರಿಕಾ ತುಣುಕುಗಳ ಮಾಹಿತಿ ಕೇಂದ್ರದಂತಿತ್ತು. ತಮಿಳುನಾಡಿನ ನಾಮಕ್ಕಲ್ ಕಡೆಯಿಂದ ಬಂದ ಎ. ರೇವತಿ ಕೂಡ ಇಲ್ಲಿಯೇ ಕೆಲಸಕ್ಕೆ ಸೇರಿ ನಿರ್ದೇಶಕರ ಹುದ್ದೆಗೆ ಏರಿದವರು. ಅವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದು, ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿ ಊರೂರಿಗೆ ಒಯ್ದಿತು. ಸಂಗಮಕ್ಕೆ ಕಾಲಿಟ್ಟ ಅಕ್ಕಯ್ ಅವರಿಗೆ ಅಲ್ಲಿ ಸಂಬಳದ ಕೆಲಸ ಸಿಕ್ಕಿತು, ಜೊತೆಗೆ ತನ್ನಂಥವರ ಕಷ್ಟಕ್ಕೆ ಕಾನೂನಿನ ಭಾಷೆಯಲ್ಲಿ ಹೆಸರಿದೆ ಎಂಬುದೂ ತಿಳಿಯಿತು. ಸುಮಾರು ಒಂದು ದಶಕ ಅವರು ಅಲ್ಲಿದ್ದರು.

ಆ ದಶಕವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಎಚ್‌ಐವಿ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ನಡೆಸಿದ ಪರೀಕ್ಷೆಯಿಂದ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಹುಟ್ಟಿದವು. ದೇಶದಲ್ಲಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. 2003ರಲ್ಲಿ ಬಿಲ್ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ಬಂದಾಗ ಅದರ ಹಣ ನಮ್ಮ ರಾಜ್ಯಕ್ಕೂ ಹರಿಯಿತು. ಹಣ ಯಾರ ಹೆಸರಿನಲ್ಲಿ ಬಂತು? ಸೋಂಕಿನ ಅಪಾಯ ಹೆಚ್ಚಿರುವ ಗುಂಪುಗಳ ಹೆಸರಿನಲ್ಲಿ: ಲೈಂಗಿಕ ವೃತ್ತಿಯ ಮಹಿಳೆಯರು, ಗಂಡಸರೊಡನೆ ಸಂಬಂಧವಿರುವ ಗಂಡಸರು, ಹಿಜ್ರಾಗಳು, ಸೂಜಿಯಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರು, ಲಾರಿ ಚಾಲಕರು. ಸರ್ಕಾರದ ಯೋಜನೆಗಳ ಕಾಗದದಲ್ಲಿ ಅಷ್ಟಾಗಿ ಕಾಣದಿದ್ದ ಜನ ಆ ಕಾಗದಕ್ಕೆ ಬಂದದ್ದು ಹೀಗೆ, ರೋಗದ ಪಟ್ಟಿಯೊಂದರಲ್ಲಿ.

ಪಟ್ಟಿಯಲ್ಲಿ ಸತ್ಯ ಇರಲಿಲ್ಲ ಎಂದಲ್ಲ. 2017ರ ರಾಷ್ಟ್ರೀಯ ಅಂದಾಜಿನಂತೆ ವಯಸ್ಕರಲ್ಲಿ ಎಚ್‌ಐವಿ ಇರುವವರು ಶೇ. 0.22, ಅದೇ ವರ್ಷದ ಸಮೀಕ್ಷೆಯಲ್ಲಿ ಹಿಜ್ರಾ ಮತ್ತು ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಶೇ. 3.14. ಅಂದರೆ ಸುಮಾರು 14 ಪಟ್ಟು. ಇದಕ್ಕೆ ಕಾರಣ ಅವರ ಮೈಯಲ್ಲಿಲ್ಲ, ಅವರನ್ನು ನಿಲ್ಲಿಸಿರುವ ಜಾಗದಲ್ಲಿದೆ. ಕತ್ತಲಲ್ಲಿ, ಪೊಲೀಸರ ಭಯದಲ್ಲಿ, ಆತುರದಲ್ಲಿ ನಡೆಯುವ ವ್ಯವಹಾರದಲ್ಲಿ ನಿರೋಧ್ ಬೇಕೇ ಬೇಕೆಂದು ಹಟ ಹಿಡಿಯುವ ಶಕ್ತಿ ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋದರೆ ಚೀಟಿ ಬರೆಸುವ ಸಾಲು ಗಂಡಸರದ್ದೋ ಹೆಂಗಸರದ್ದೋ ಎಂಬಲ್ಲಿಗೇ ಜಗಳ ಶುರು. ಒಳರೋಗಿಯಾದರೆ ಯಾವ ವಾರ್ಡಿನ ಮಂಚ? 2004ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿತು. ಅವು ಸೋಂಕನ್ನು ಪೂರ್ತಿ ತೆಗೆಯುವುದಿಲ್ಲ, ಆದರೆ ದಿನವೂ ತಪ್ಪದೆ ನುಂಗಿದರೆ ಎಲ್ಲರಂತೆ ದೀರ್ಘಕಾಲ ಬದುಕಬಹುದು. ದಿನವೂ ತಪ್ಪದೆ ಎಂಬ ಮಾತು ಮನೆ, ಊಟ, ನಿದ್ದೆ ಇರುವವರಿಗೆ ಸುಲಭ. ಬಾಡಿಗೆ ಮನೆಯಿಂದ ತಿಂಗಳಿಗೊಮ್ಮೆ ಹೊರಹಾಕಿಸಿಕೊಳ್ಳುವವರಿಗೆ ಅಲ್ಲ.

ತಡೆಯ ಕೆಲಸ ನಡೆಯುತ್ತಿದ್ದ ರೀತಿ ಹೀಗಿತ್ತು. ಸಮುದಾಯದೊಳಗಿನವರನ್ನೇ ಸಹಪಾಠಿ ಶಿಕ್ಷಕರೆಂದು ಆರಿಸಿ ತರಬೇತಿ ಕೊಡುವುದು. ಅವರು ಸಂಜೆ ಪಾರ್ಕು, ಬಸ್ ನಿಲ್ದಾಣ, ಹೆದ್ದಾರಿ ಬದಿಗೆ ಹೋಗಿ ತಮ್ಮವರನ್ನು ಮಾತನಾಡಿಸಿ, ನಿರೋಧ್ ಹಂಚಿ, ರಕ್ತ ಪರೀಕ್ಷೆಗೆ ಕರೆತರುವುದು. ಹಗಲು ಹೊತ್ತು ಬಂದು ಕೂರಲು, ಸ್ನಾನ ಮಾಡಲು, ಅಳಲು ಒಂದು ಕೇಂದ್ರ. ತಿಂಗಳ ಕೊನೆಗೆ ಎಷ್ಟು ಜನರನ್ನು ಭೇಟಿ ಮಾಡಿದಿರಿ, ಎಷ್ಟು ಹಂಚಿದಿರಿ ಎಂಬ ಲೆಕ್ಕ. ಮೇಲಿನವರಿಗೆ ಬೇಕಾದದ್ದು ಆ ಲೆಕ್ಕ. ಆದರೆ ಕೆಲಸ ಶುರುವಾದ ಕೂಡಲೇ ಎದುರಾದ ತೊಂದರೆ ರೋಗದ್ದಾಗಿರಲಿಲ್ಲ, ಪೊಲೀಸರದ್ದಾಗಿತ್ತು. ಚೀಲದಲ್ಲಿ ನಿರೋಧ್ ಸಿಕ್ಕರೆ ಅದೇ ಅಪರಾಧಕ್ಕೆ ಸಾಕ್ಷಿ ಎಂದು ಠಾಣೆಗೆ ಎಳೆದೊಯ್ಯುತ್ತಿದ್ದರು. ಒಂದು ಸರ್ಕಾರಿ ಇಲಾಖೆ ಹಂಚಿಸಿದ್ದನ್ನು ಇನ್ನೊಂದು ಸರ್ಕಾರಿ ಇಲಾಖೆ ಹಿಡಿಯುತ್ತಿತ್ತು. ಹಾಗಾಗಿ ಸಂಗಮದಂಥ ಸಂಸ್ಥೆಗಳು ರಾತ್ರಿ ಹನ್ನೆರಡಕ್ಕೂ ಫೋನ್ ಎತ್ತುವ, ವಕೀಲರೊಡನೆ ಠಾಣೆಗೆ ಓಡುವ ತಂಡಗಳನ್ನು ಕಟ್ಟಿದವು. 2008ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಹೀಗೆ ಬಂಧಿತ ಹಿಜ್ರಾಗಳ ನೆರವಿಗೆ ಹೋದ ಕಾರ್ಯಕರ್ತರನ್ನೇ ಬಂಧಿಸಲಾಯಿತು. ಆರೋಗ್ಯ ಕಾರ್ಯಕರ್ತರು ಹಕ್ಕಿನ ಕಾರ್ಯಕರ್ತರಾದದ್ದು ಪುಸ್ತಕ ಓದಿ ಅಲ್ಲ, ಲಾಕಪ್ಪಿನ ಮುಂದೆ ನಿಂತು.

ಇದೇ ತಿರುವು ದೇಶಮಟ್ಟದಲ್ಲೂ ಕಾಣುತ್ತದೆ. ಭಾರತೀಯ ದಂಡ ಸಂಹಿತೆಯ 377ನೇ ಕಲಂ ಬ್ರಿಟಿಷರು 1860ರಲ್ಲಿ ಬರೆದದ್ದು. ‘ನಿಸರ್ಗಕ್ಕೆ ವಿರುದ್ಧ’ ಎಂಬ ಎರಡು ಪದಗಳಲ್ಲಿ ಅದು ಒಂದಿಡೀ ಸಮುದಾಯವನ್ನು ಅಪರಾಧಿ ಮಾಡಿತ್ತು. ಅದರ ವಿರುದ್ಧ ಮೊದಲ ಅರ್ಜಿ 1994ರಲ್ಲಿ ದಿಲ್ಲಿ ಹೈಕೋರ್ಟಿಗೆ ಹೋದದ್ದು ತಿಹಾರ್ ಜೈಲಿನಲ್ಲಿ ನಿರೋಧ್ ಹಂಚಲು ಬಿಡದ ಕಾರಣಕ್ಕೆ. 2001ರಲ್ಲಿ ಲಖನೌದಲ್ಲಿ ಏಡ್ಸ್ ತಡೆ ಕಾರ್ಯಕರ್ತರನ್ನೇ ಹಿಡಿದು ಒಂದೂವರೆ ತಿಂಗಳು ಜೈಲಿನಲ್ಲಿಟ್ಟರು. ಅದೇ ವರ್ಷ ನಾಜ್ ಫೌಂಡೇಶನ್ ದಿಲ್ಲಿ ಹೈಕೋರ್ಟಿಗೆ ಹೋಗಿ, ಈ ಕಲಂ ಇರುವವರೆಗೆ ಜನ ಅಡಗಿಕೊಂಡೇ ಇರುತ್ತಾರೆ, ಅಡಗಿದವರಿಗೆ ಚಿಕಿತ್ಸೆ ಮುಟ್ಟಿಸುವುದು ಹೇಗೆ ಎಂದು ಕೇಳಿತು. 2009ರ ಜುಲೈ 2ರಂದು ಹೈಕೋರ್ಟ್ ಒಪ್ಪಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುವಿ ಹಾಕಿತು. ಅದಕ್ಕೆ ಒಂದು ತಿಂಗಳು ಮೊದಲಷ್ಟೇ ನಮ್ಮ ಹಾಸನದಲ್ಲಿ ಹತ್ತಕ್ಕೂ ಹೆಚ್ಚು ಮಂದಿಯನ್ನು ಇದೇ ಕಲಮಿನಡಿ ಬಂಧಿಸಲಾಗಿತ್ತು. ಹಾಗಾಗಿ ಇದು ದಿಲ್ಲಿಯವರ ದೂರದ ಜಗಳವಾಗಿರಲಿಲ್ಲ.

ಗಮನಿಸಬೇಕಾದ್ದು ಏನೆಂದರೆ, ಅಲ್ಲಿಯವರೆಗೂ ವಾದದ ಒಂದು ದೊಡ್ಡ ಕಂಬ ರೋಗವಾಗಿತ್ತು. ‘ನಮ್ಮನ್ನು ಬಿಡಿ, ಇಲ್ಲದಿದ್ದರೆ ಏಡ್ಸ್ ಹರಡುತ್ತದೆ’ ಎಂಬುದು ಕೋರ್ಟಿಗೂ ಸರ್ಕಾರಕ್ಕೂ ಬೇಗ ತಿಳಿಯುವ ಮಾತು. ಆದರೆ ಅದರಲ್ಲಿ ಒಂದು ಕುಂದು ಇದೆ. ನಿಮ್ಮ ಬದುಕಿಗೆ ಬೆಲೆ ಇರುವುದು ನಿಮ್ಮಿಂದ ಬೇರೆಯವರಿಗೆ ರೋಗ ಬರಬಾರದು ಎಂಬಷ್ಟಕ್ಕೆ ಮಾತ್ರ ಎಂದು ಒಪ್ಪಿಕೊಂಡಂತಾಗುತ್ತದೆ. ಸೋಂಕು ಇಳಿದರೆ ಹಣ ಇಳಿಯುತ್ತದೆ, ಹಣ ಇಳಿದರೆ ಕೇಂದ್ರ ಮುಚ್ಚುತ್ತದೆ. ಆವಾಹನ್ ಯೋಜನೆ ಸರ್ಕಾರಕ್ಕೆ ಹಸ್ತಾಂತರವಾದಾಗ, ಮುಂದೆ ಗ್ಲೋಬಲ್ ಫಂಡ್ ನೆರವಿನ ‘ಪೆಹಚಾನ್’ ಯೋಜನೆ 17 ರಾಜ್ಯಗಳಲ್ಲಿ ನಡೆದು ಮುಗಿದಾಗ ಈ ಮಾತು ಎಲ್ಲರಿಗೂ ಅರಿವಾಯಿತು. ಏಡ್ಸ್ ಹಣವೇ ಈ ಸಮುದಾಯದ ಹೆಂಗಳೆಯರಿಗೆ ಮೊದಲ ಸಂಬಳ, ಮೊದಲ ಕಚೇರಿ, ಮೊದಲ ಗುರುತಿನ ಚೀಟಿ ಕೊಟ್ಟದ್ದು ನಿಜ. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೂ ಅಲ್ಲೇ ನಿಂತಿದ್ದರೆ ಈ ಇತಿಹಾಸ ಆರೋಗ್ಯ ಇಲಾಖೆಯ ಒಂದು ಕಡತದಲ್ಲಿ ಮುಗಿದುಹೋಗುತ್ತಿತ್ತು.

ಅಕ್ಕಯ್ ಅವರ ಹೆಚ್ಚುಗಾರಿಕೆ ಇರುವುದು ಇಲ್ಲಿ. 2014ರಲ್ಲಿ ಅವರು ಗೆಳೆಯರೊಡನೆ ‘ಒಂದೆಡೆ’ ಎಂಬ ಸಂಸ್ಥೆ ಕಟ್ಟಿದರು. ಹೆಸರೇ ಅಚ್ಚಗನ್ನಡ: ಎಲ್ಲರೂ ಒಂದೆಡೆ ಸೇರುವುದು. ಅಲ್ಲಿನ ಕೆಲಸದ ಕೇಂದ್ರದಲ್ಲಿ ರೋಗವಿರಲಿಲ್ಲ. ಘನತೆ, ದನಿ, ಲೈಂಗಿಕತೆ ಎಂಬ ಮಾತುಗಳಿದ್ದವು. ಹೆಣ್ಣುಮಕ್ಕಳ, ಮಕ್ಕಳ, ದಲಿತರ, ಕಾರ್ಮಿಕರ ಪ್ರಶ್ನೆಗಳ ಜೊತೆಗೇ ತಮ್ಮ ಪ್ರಶ್ನೆಯನ್ನೂ ಇಡಬೇಕು ಎಂಬುದು ಅವರ ನಿಲುವು. ಕಾಲೇಜುಗಳಿಗೆ, ಪೊಲೀಸ್ ತರಬೇತಿಗಳಿಗೆ, ರೈತ ಮತ್ತು ದಲಿತ ಸಂಘಟನೆಗಳ ವೇದಿಕೆಗಳಿಗೆ ಹೋಗಿ ಮಾತನಾಡತೊಡಗಿದರು. ಅವರ ಕನ್ನಡ ಭಾಷಣ ಕೇಳಿದವರಿಗೆ ಗೊತ್ತು, ಬಯ್ಯುವಾಗಲೂ ಎದುರಿನವರನ್ನು ನಗಿಸಬಲ್ಲರು. 2015ರಲ್ಲಿ ರಾಜ್ಯ ಸರ್ಕಾರ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು. ಮುಂದೆ ಗೌರವ ಡಾಕ್ಟರೇಟೂ ಬಂತು. ಸಮಾಜಶಾಸ್ತ್ರಜ್ಞೆ ಗೌರಿ ವಿಜಯಕುಮಾರ್ ಅವರಿಗೆ ಹೇಳಿ ಬರೆಸಿದ ಅವರ ಆತ್ಮಕಥೆ 2022ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಪ್ರಶಸ್ತಿಗಿಂತ ನನಗೆ ಮುಖ್ಯವಾಗಿ ಕಾಣುವುದು ಎರಡು ಕಾನೂನು ಹೋರಾಟಗಳು.

ಮೊದಲನೆಯದು ನಮ್ಮದೇ ರಾಜ್ಯದ್ದು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ನಮ್ಮ ಭಾಗದ ಅಲೆಮಾರಿ ಸಮುದಾಯಗಳ ಹಿರಿಯರಿಗೆ ಕಹಿ ನೆನಪು. ಆ ಕಾಯ್ದೆಗೆ ಎರಡನೆಯ ಭಾಗವೊಂದಿತ್ತು ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. ಅದು ಹಿಜ್ರಾಗಳ ಕುರಿತದ್ದು. ಸಂಶಯ ಬಂದವರ ಹೆಸರು, ವಾಸಸ್ಥಳಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಹಾಗೆ ಹೆಸರು ಬರೆಯಿಸಿಕೊಂಡವರು ಹೆಣ್ಣಿನ ಉಡುಪಿನಲ್ಲಿ ಬೀದಿಗೆ ಬಂದರೆ, ಹಾಡಿ ಕುಣಿದರೆ ಜೈಲು. ಸ್ವಾತಂತ್ರ್ಯ ಬಂದ ಮೇಲೆ ಅದು ಸತ್ತುಹೋಯಿತು ಎಂದುಕೊಂಡಿದ್ದರೆ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36-ಎ ಎಂಬ ಹೊಸ ಕಲಂ ಸೇರಿತು. ಮಕ್ಕಳನ್ನು ಕದಿಯುವ ಸಂಶಯವಿರುವ ಹಿಜ್ರಾಗಳ ಹೆಸರು, ವಿಳಾಸಗಳ ಪುಸ್ತಕವನ್ನು ಪೊಲೀಸರು ಇಡಬಹುದು ಎಂದು ಅದು ಹೇಳಿತು. 140 ವರ್ಷದ ನಂತರ ಅದೇ ಪುಸ್ತಕ! ಸಂಗಮದೊಡನೆ ಬೆಳೆದ ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. ಅಕ್ಕಯ್ ಮತ್ತಿತರರು ಹೊರಗೆ ಹೋರಾಡಿದರು. ಕೊನೆಗೆ ಸರ್ಕಾರ ಕಲಮಿನಿಂದ ಆ ಸಮುದಾಯದ ಹೆಸರನ್ನು ತೆಗೆದು ‘ವ್ಯಕ್ತಿಗಳು’ ಎಂದು ತಿದ್ದಿತು. ಒಂದೇ ಪದ ಬದಲಾಯಿತು. ಸಂಶಯಕ್ಕೆ ಹುಟ್ಟು ಕಾರಣವಾಗಬಾರದು ಎಂಬುದು ಆ ಒಂದು ಪದದಲ್ಲಿದೆ.

ಎರಡನೆಯದು ಸುಪ್ರೀಂ ಕೋರ್ಟಿನದ್ದು. 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ, ತಾನು ಗಂಡೋ ಹೆಣ್ಣೋ ಇನ್ನೊಂದೋ ಎಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ತೀರ್ಪಿತ್ತಿತು. ಸಂವಿಧಾನದ 14, 15, 16, 19 ಮತ್ತು 21ನೇ ವಿಧಿಗಳು ಅವರಿಗೂ ಅನ್ವಯ ಎಂದಿತು. ಆದರೆ 377 ಹಾಗೇ ಉಳಿದಿತ್ತು. ನೀನು ಯಾರೆಂದು ನೀನೇ ಹೇಳಿಕೋ, ಆದರೆ ನಿನ್ನ ಬದುಕು ಅಪರಾಧ ಎಂಬ ವಿಚಿತ್ರ ಸ್ಥಿತಿ. 2016ರಲ್ಲಿ ಅಕ್ಕಯ್ ಕರ್ನಾಟಕದ ಇನ್ನಿಬ್ಬರೊಡನೆ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅವರ ಪರ ವಾದಿಸಿದವರು ಬೆಂಗಳೂರಿನ ವಕೀಲೆ ಜಯ್ನಾ ಕೊಠಾರಿ. ಆ ಕಲಮಿನ ಏಟು ಎಲ್ಲರಿಗಿಂತ ಹೆಚ್ಚಾಗಿ ಬೀಳುವುದು ಬೀದಿಯಲ್ಲಿ ಕಣ್ಣಿಗೆ ಕಾಣುವ ನಮ್ಮಂಥವರ ಮೇಲೆ ಎಂಬುದು ಅರ್ಜಿಯ ತಿರುಳು. ಆರೋಗ್ಯದ ಆಸರೆ ಬೇಡವಾಗಿತ್ತು. ಸಮಾನತೆ, ಘನತೆಗಳ ಮೇಲೆಯೇ ವಾದ ನಿಂತಿತು. ನಡುವೆ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂದು ದಾರಿ ಸುಗಮವಾಯಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧವನ್ನು 377ರಿಂದ ಹೊರಗಿಟ್ಟಿತು. ಕಾಕತಾಳೀಯವೆಂಬಂತೆ, ಎಚ್‌ಐವಿ ಇರುವವರನ್ನು ಕೆಲಸ, ಶಾಲೆ, ಆಸ್ಪತ್ರೆಗಳಲ್ಲಿ ತಾರತಮ್ಯದಿಂದ ಕಾಪಾಡುವ 2017ರ ಎಚ್‌ಐವಿ ಏಡ್ಸ್ ಕಾಯ್ದೆ ಜಾರಿಗೆ ಬಂದದ್ದೂ ಅದೇ ತಿಂಗಳ 10ರಂದು. ಎರಡು ದಾರಿಗಳೂ ಒಂದೇ ವಾರದಲ್ಲಿ ಊರು ಮುಟ್ಟಿದವು.

ಅಕ್ಕಯ್ ಅವರ ಸ್ವಂತ ಬದುಕೂ ಕಾಗದದೊಡನೆ ನಡೆಸಿದ ಒಂದು ಹೋರಾಟ. ಚಾಲನಾ ಪರವಾನಗಿಯಲ್ಲಿ ಹೆಣ್ಣು ಎಂದು ಬರೆಸಿದರು. 2017ರಲ್ಲಿ ಮದುವೆಯಾಗಿ, ಆಮೇಲೆ ಅದನ್ನು ನೋಂದಣಿ ಮಾಡಿಸಿದರು. ಕರ್ನಾಟಕದಲ್ಲಿ ಹಾಗೆ ನೋಂದಣಿ ಮಾಡಿಸಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ ಅವರು. 2023ರ ವಿವಾಹ ಸಮಾನತೆ ಪ್ರಕರಣದಲ್ಲೂ ಅರ್ಜಿದಾರರಾಗಿದ್ದರು. ಆ ವರ್ಷದ ಅಕ್ಟೋಬರ್ 17ರ ತೀರ್ಪು ಬಹುಪಾಲು ಅರ್ಜಿದಾರರಿಗೆ ನಿರಾಸೆ ತಂದರೂ, ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ ಪುರುಷನನ್ನು ಈಗಿರುವ ಕಾನೂನುಗಳಡಿಯಲ್ಲೇ ಮದುವೆಯಾಗಬಹುದು ಎಂದು ಸ್ಪಷ್ಟಪಡಿಸಿತು. ಸಾಫ್ಟ್‌ವೇರ್ ಬರೆಯುವ ನನ್ನಂಥವರಿಗೆ ಲಿಂಗ ಎಂಬುದು ಫಾರಮ್ಮಿನ ಒಂದು ಖಾನೆ. ಎರಡು ಗುಂಡಿ ಇಟ್ಟು, ಯಾವುದನ್ನೂ ಒತ್ತದಿದ್ದರೆ ಮುಂದಿನ ಪುಟಕ್ಕೆ ಬಿಡದಂತೆ ಬರೆದುಬಿಡುತ್ತೇವೆ. ಪರದೆಯ ಆ ಕಡೆ ಕುಳಿತವರು ರೇಷನ್ ಕಾರ್ಡಿಗೋ ಬ್ಯಾಂಕ್ ಖಾತೆಗೋ ಅರ್ಜಿ ಹಾಕುತ್ತಿದ್ದರೆ, ಆ ಪುಟ ಅಲ್ಲಿಗೇ ನಿಂತುಬಿಡುತ್ತದೆ.

ಎಲ್ಲವೂ ಗೆಲುವಲ್ಲ. 2019ರಲ್ಲಿ ಸಂಸತ್ತು ಒಪ್ಪಿದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯನ್ನು ಅಕ್ಕಯ್ ಸೇರಿದಂತೆ ಆ ಸಮುದಾಯದ ಅನೇಕರು ಬಲವಾಗಿ ಟೀಕಿಸಿದರು. ನಾಲ್ಸಾ ತೀರ್ಪು ನೀನೇ ಹೇಳು ಎಂದಿದ್ದರೆ, ಈ ಕಾಯ್ದೆ ಜಿಲ್ಲಾಧಿಕಾರಿಯಿಂದ ಪ್ರಮಾಣಪತ್ರ ತಾ ಎಂದಿತು. ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಅದು ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಬೇರೆ ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷವಿರುವಾಗ ಇದು ಯಾವ ಲೆಕ್ಕ ಎಂಬ ಅವರ ಪ್ರಶ್ನೆಗೆ ನನಗೆ ಒಪ್ಪುವಂಥ ಉತ್ತರ ಎಲ್ಲೂ ಸಿಕ್ಕಿಲ್ಲ.

ರಾಜ್ಯ ಮಟ್ಟದಲ್ಲಿ ಕರ್ನಾಟಕ ಕೆಲವು ಹೆಜ್ಜೆ ಮುಂದೆ ಇಟ್ಟಿದೆ. ತಿಂಗಳಿಗೆ 500 ರೂಪಾಯಿಯಿಂದ ಶುರುವಾದ ‘ಮೈತ್ರಿ’ ಪಿಂಚಣಿ ಬಂತು. 2017ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಲಿಂಗತ್ವ ಅಲ್ಪಸಂಖ್ಯಾತರ ರಾಜ್ಯ ನೀತಿಗೆ ಒಪ್ಪಿಗೆ ಕೊಟ್ಟಿತು. ಸಂಗಮ ಮತ್ತು ‘ಜೀವ’ ಸಂಸ್ಥೆಗಳು ಹೈಕೋರ್ಟಿನಲ್ಲಿ ನಡೆಸಿದ ಮೊಕದ್ದಮೆಯ ಫಲವಾಗಿ 2021ರ ಜುಲೈನಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಎಲ್ಲ ವರ್ಗಗಳ ಒಳಗೂ ಶೇ. 1ರ ಮೀಸಲಾತಿ ನಿಯಮ ಬಂತು. ಅಂಥ ನಿಯಮ ತಂದ ಮೊದಲ ರಾಜ್ಯ ನಮ್ಮದು. ಅದರ ಫಲವನ್ನು ಶಾಲೆಯವರಾದ ನಾವು ಬೇಗ ಕಂಡೆವು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯ ತಾತ್ಕಾಲಿಕ ಆಯ್ಕೆ ಪಟ್ಟಿ ಪ್ರಕಟವಾದಾಗ ಅದರಲ್ಲಿ ಮೂವರು ಲಿಂಗತ್ವ ಅಲ್ಪಸಂಖ್ಯಾತ ಅಭ್ಯರ್ಥಿಗಳ ಹೆಸರಿತ್ತು.

ಜಗಳೂರು, ಉಚ್ಚಂಗಿದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಈ ಬರಹ ಯಾರಿಗಾದರೂ ಬೇಕಾಗಬಹುದು ಎಂದು ಕೆಲವು ವಿವರ ಸೇರಿಸುತ್ತೇನೆ. ಎಚ್‌ಐವಿ ಕುರಿತ ಯಾವ ಪ್ರಶ್ನೆಗೂ 1097 ಸಂಖ್ಯೆಗೆ ಉಚಿತವಾಗಿ ಫೋನ್ ಮಾಡಬಹುದು, ಹೆಸರು ಹೇಳಬೇಕಾಗಿಲ್ಲ. ರಕ್ತ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಪರೀಕ್ಷಾ ಕೇಂದ್ರಗಳಲ್ಲಿ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ. ಎಆರ್‌ಟಿ ಮಾತ್ರೆಗಳು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತವೆ. 2019ರ ಕಾಯ್ದೆಯ 13ನೇ ಕಲಂ ಪ್ರಕಾರ ಸರ್ಕಾರದ ಹಣದಿಂದ ನಡೆಯುವ ಯಾವ ಶಾಲೆಯೂ ಲಿಂಗತ್ವದ ಕಾರಣಕ್ಕೆ ವಿದ್ಯಾರ್ಥಿಯನ್ನು ಬೇರೆಯಾಗಿ ಕಾಣುವಂತಿಲ್ಲ. ಪಾಠದಲ್ಲಿ ಮಾತ್ರವಲ್ಲ, ಆಟದಲ್ಲಿ, ಬಿಡುವಿನ ವೇಳೆಯಲ್ಲೂ. ನಮ್ಮ ಶಾಲೆಯೂ ಆ ಸಾಲಿನಲ್ಲೇ ಬರುತ್ತದೆ.